ಹಳೆಯ ರೋಡ್ ಸೈಕಲ್ಲಿನ ಓಲಾಡುವ ಹ್ಯಾಂಡಲ್: ಪುಣೆಯ ಒಂದು ಪ್ರಕರಣ

ಹಿನ್ನೆಲೆ

ಮಳೆಗಾಲ ಮುಗಿದ ಹೊಸತರಲ್ಲಿ ಪುಣೆಯ ಪೇಠೆಯೊಂದರ ಸಣ್ಣ ಸೈಕಲ್ ಅಂಗಡಿಗೆ ಬಂದ ಸೈಕಲ್ ಇದು. ಸವಾರ, ಮಿಸ್ತ್ರಿ, ಅಂಗಡಿ, ಸೈಕಲ್ಲಿನ ಕಂಪನಿ, ಯಾವುದರ ಗುರುತನ್ನೂ ಇಲ್ಲಿ ಕೊಟ್ಟಿಲ್ಲ. ಅಳತೆ ಮತ್ತು ತೀರ್ಮಾನಗಳನ್ನು ಮಾತ್ರ ಬಿಡಿಸಿ ಹೇಳಿದೆ.

ಸವಾರರು ಹುಬ್ಬಳ್ಳಿ ಕಡೆಯವರು, ಚಿಂಚವಡದ ಕಾರ್ಖಾನೆಯೊಂದರಲ್ಲಿ ಕೆಲಸ. ಎತ್ತರ ಆರಡಿ, ತೂಕ 86 ಕಿಲೊ. ವಾರದ ಕೊನೆಗೆ ಕಾತ್ರಜ್ ಘಾಟ್ ಇಲ್ಲವೇ ಬೋಪದೇವ್ ಘಾಟ್ ಹತ್ತಿ ಇಳಿಯುವುದು ರೂಢಿ. ಸೈಕಲ್ಲು 1980ರ ದಶಕದ್ದು: ಲಗ್ (ಕೊಳವೆಗಳನ್ನು ಕೂಡಿಸುವ ಲೋಹದ ತೋಳು) ಹಾಕಿ ಬೆಸೆದ ಉಕ್ಕಿನ ಫ್ರೇಮ್, 58 ಸೆಂ.ಮೀ. ಅಳತೆ, ಥ್ರೆಡ್ ಇರುವ ಒಂದು ಇಂಚಿನ ಸ್ಟೀರರ್ (ಮುಂದಿನ ಚಕ್ರ ಹಿಡಿಯುವ ಫೋರ್ಕಿನಿಂದ ಮೇಲಕ್ಕೆ ಬರುವ ಕೊಳವೆ). ಎರಡು ಕೈ ದಾಟಿ ಮೂರನೆಯವರ ಬಳಿ ಬಂದಿತ್ತು. ಹಿಂದೆ ಯಾರು ಏನೇನು ಬದಲಿಸಿದ್ದರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಈ ಮಾತು ಮುಂದೆ ದೊಡ್ಡದಾಗುತ್ತದೆ.

ಇಂಥ ಸೈಕಲ್ಲಿನಲ್ಲಿ ಸ್ಟೆಮ್ (ಹ್ಯಾಂಡಲನ್ನು ಸ್ಟೀರರ್‌ಗೆ ಸೇರಿಸುವ ಭಾಗ) ಸ್ಟೀರರ್ ಕೊಳವೆಯನ್ನು ಹೊರಗಿನಿಂದ ಅಪ್ಪಿ ಕೂರುವುದಿಲ್ಲ, ಅದರ ಒಳಗೆ ಇಳಿಯುತ್ತದೆ. ಹಾಗೆ ಇಳಿಯುವ ಭಾಗಕ್ಕೆ ಕ್ವಿಲ್ ಎನ್ನುತ್ತಾರೆ. ಸ್ಟೀರರ್‌ನ ಹೊರ ವ್ಯಾಸ 25.4 ಮಿ.ಮೀ., ಒಳಗೆ ಇಳಿಯುವ ಕ್ವಿಲ್ 22.2 ಮಿ.ಮೀ. (ಹಳೆಯ ಫ್ರೆಂಚ್ ಸೈಕಲ್ ಆದರೆ 22.0. ಅಲ್ಲಿ 22.2ರದ್ದನ್ನು ಬಡಿದು ಇಳಿಸಿದರೆ ಹೊರಬರುವುದು ಕಷ್ಟ.) ಕ್ವಿಲ್‌ನ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಬೆಣೆಯೋ ಸೀಳಿನೊಳಗೆ ಏರುವ ಕೋನೋ ಇರುತ್ತದೆ. ಮೇಲಿನ ಉದ್ದ ಬೋಲ್ಟ್ ಬಿಗಿದಂತೆ ಅದು ಕೊಳವೆಯ ಒಳಗೋಡೆಗೆ ಒತ್ತಿ ಹಿಡಿಯುತ್ತದೆ. ಮೇಲ್ಗಡೆ ಕಾಣುವ ಮುಂಚಾಚಿನ ತುದಿಯಲ್ಲಿ ಹ್ಯಾಂಡಲ್ ಹಿಡಿಯುವ ಕ್ಲ್ಯಾಂಪ್. ಈ ಸೈಕಲ್ಲಿನಲ್ಲಿ ಮುಂಚಾಚು 130 ಮಿ.ಮೀ. ಉದ್ದದ ಸಣಕಲು ಅಲ್ಯೂಮಿನಿಯಂ. ಸ್ಟೀರರ್ ನೆತ್ತಿಯ ಲಾಕ್‌ನಟ್‌ನಿಂದ ಮೇಲೆ ಕ್ವಿಲ್ 70 ಮಿ.ಮೀ. ಬರಿದಾಗಿ ನಿಂತಿತ್ತು.

ದೂರು

ಎದ್ದು ನಿಂತು ತುಳಿದರೆ ಹ್ಯಾಂಡಲ್ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ, ಜೊತೆಗೆ ಕಿರ್ ಎನ್ನುತ್ತದೆ, ಕಾತ್ರಜ್ ಇಳಿಯುವಾಗ ಬ್ರೇಕ್ ಹಿಡಿದರೆ ಮುಂಭಾಗ ನಂಬಿಕೆ ಕೊಡುವುದಿಲ್ಲ. ಸವಾರರ ತೀರ್ಮಾನ ಆಗಲೇ ಆಗಿತ್ತು. ಕ್ವಿಲ್ ಅಡಾಪ್ಟರ್ (ಕೆಳಗೆ ಕ್ವಿಲ್‌ನಂತೆ ಸ್ಟೀರರ್‌ನೊಳಗೆ ಇಳಿದು, ಮೇಲೆ 28.6 ಮಿ.ಮೀ. ದಪ್ಪವಿರುವ ತುಂಡು) ಹಾಕಿ ಅದರ ಮೇಲೆ ಈಗಿನ ಕಾಲದ ದಪ್ಪ ಸ್ಟೆಮ್ ಮತ್ತು 31.8 ಮಿ.ಮೀ.ನ ಹ್ಯಾಂಡಲ್ ಕೂರಿಸಬೇಕು, ಸ್ಟೆಮ್ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದೇ ಆಗಬೇಕು.

ಕೊನೆಯ ಬೇಡಿಕೆ ತಪ್ಪು ತಿಳಿವಳಿಕೆಯದು. ಇದು ತೀರ ಸಾಮಾನ್ಯ ತಪ್ಪಾದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 7075 ಮುರಿಯುವ ಮುನ್ನ 6061 ಎಂಬ ಸಾಮಾನ್ಯ ಮಿಶ್ರಲೋಹಕ್ಕಿಂತ ಹೆಚ್ಚು ಭಾರ ತಡೆಯುತ್ತದೆ, ನಿಜ. ಆದರೆ ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದು ಬೇರೆ ಗುಣ. ಅದು ಎಲ್ಲ ಅಲ್ಯೂಮಿನಿಯಂ ಮಿಶ್ರಲೋಹಗಳಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 70 ಗಿಗಾಪಾಸ್ಕಲ್. ಬಾಗುವಿಕೆ ಕಡಿಮೆಯಾಗುವುದು ಆಕಾರದಿಂದ. ಗೋಡೆಯ ದಪ್ಪ ಅಷ್ಟೇ ಇಟ್ಟು ಕೊಳವೆಯ ವ್ಯಾಸ ಹಿಗ್ಗಿಸಿದರೆ ಗಟ್ಟಿತನ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. ಹಳೆಯ ಹ್ಯಾಂಡಲ್ಲಿನ 26.0ರಿಂದ 31.8ಕ್ಕೆ ಹೋದರೆ ಸುಮಾರು 1.8 ಪಟ್ಟು, ಕ್ವಿಲ್‌ನ 22.2ರಿಂದ ಅಡಾಪ್ಟರ್‌ನ 28.6ಕ್ಕೆ ಹೋದರೆ ಎರಡು ಪಟ್ಟಿಗೂ ಮೇಲೆ. ಚೀಟಿಯ ಮೇಲಿನ ಮಿಶ್ರಲೋಹದ ಸಂಖ್ಯೆಗೆ ಹೆಚ್ಚಿನ ಹಣ ಕೊಡುವ ಬದಲು ವರ್ನಿಯರ್ ಹಿಡಿದು ವ್ಯಾಸ ನೋಡಬೇಕು.

ಮಿಸ್ತ್ರಿ ವಿಜಾಪುರದ ಕಡೆಯ ಹಿರಿಯರು. ಕನ್ನಡದ ಗಿರಾಕಿ ಬಂದರೆ ಮಾತು ಕನ್ನಡದಲ್ಲೇ. ಅವರು ಸಾಮಾನು ತರಿಸಲು ಒಪ್ಪಲಿಲ್ಲ.

“ಮೊದಲ ಎಲ್ಲಿ ಬಗ್ಗಾಕತ್ತೈತಿ ನೋಡೂಣ್ರಿ ಸಾಹೇಬ್ರ. ಸ್ಟೆಮ್ಮ ಬಗ್ಗತೈತಿ ಅಂತ ನೀವು ಅಂತೀರಿ, ಸ್ಟೆಮ್ಮ ಇನ್ನೂ ಏನೂ ಹೇಳಿಲ್ಲ.”

ಅಳತೆ

ಹಿಡಿ ಹಿಡಿದು ಅಲ್ಲಾಡಿಸಿ ನೋಡಿದರೆ ಎಲ್ಲ ಬಾಗುವಿಕೆಯೂ ಸ್ಟೆಮ್ಮಿನದೇ ಅನ್ನಿಸುತ್ತದೆ, ಏಕೆಂದರೆ ಕಣ್ಣು ಅಲ್ಲೇ ಇರುತ್ತದೆ. ಅಂಗಡಿಯಲ್ಲಿ ಮಾಡಿದ ಏರ್ಪಾಟು ಸರಳ. ಬೇರೆ ಯಾರಾದರೂ ಮಾಡಬಹುದಾದ್ದು.

ಮುಂದಿನ ಚಕ್ರ ತೆಗೆದು, ಹಳೆಯ ಹಬ್ಬೊಂದರ ಆಕ್ಸಲನ್ನು ಮೇಜಿನ ವೈಸಿನಲ್ಲಿ ಕಚ್ಚಿಸಿ, ಫೋರ್ಕಿನ ತುದಿಗಳನ್ನು ಅದಕ್ಕೆ ಬಿಗಿದರು. ಫ್ರೇಮ್ ತೂಗಾಡದಂತೆ ಹಿಂದಿನ ಚಕ್ರವನ್ನು ಗೋಡೆಗೆ ಕಟ್ಟಿದರು. ಮೊದಲು ಎಡ ಬ್ರೇಕ್ ಲಿವರ್‌ನ ಹುಡ್ (ಅಂಗೈ ಊರುವ ರಬ್ಬರ್ ಹೊದಿಕೆ) ಮೇಲೆ 2 ಕಿಲೊ ತೂಗುಬಿಟ್ಟು, ಇಳಿತ ಅಳೆಯುವ ಡಯಲ್ ಗೇಜನ್ನು ಸೊನ್ನೆಗೆ ತಂದರು. ಕೀಲುಗಳ ಸಡಿಲವೆಲ್ಲ ಒಂದು ಕಡೆಗೆ ಕೂರಲಿ ಎಂದು ಈ ಚಿಕ್ಕ ತೂಕ. ಆಮೇಲೆ ಇನ್ನೂ 20 ಕಿಲೊ. ಹ್ಯಾಂಡಲ್ 42 ಸೆಂ.ಮೀ. ಅಗಲದ್ದು, ಹುಡ್ ನಡುವಿನಿಂದ 210 ಮಿ.ಮೀ. ದೂರ. ಅಂದರೆ ಸ್ಟೆಮ್ಮಿಗೆ ಬೀಳುವ ತಿರುಚು ಸುಮಾರು 41 ನ್ಯೂಟನ್ ಮೀಟರ್. ಎದ್ದು ತುಳಿಯುವ ಭಾರಿ ಸವಾರನ ಎಳೆತಕ್ಕೆ ಇದು ಹೆಚ್ಚೇನಲ್ಲ.

ಯಾವ ಭಾಗದ ಪಾಲು ಎಷ್ಟು ಎಂದು ಬಿಡಿಸಲು 300 ಮಿ.ಮೀ.ನ ಉಕ್ಕಿನ ಸ್ಕೇಲುಗಳನ್ನು ಅಡ್ಡಡ್ಡ ಕ್ಲಿಪ್ ಹಾಕಿ ಕೂರಿಸಿದರು. ಒಂದು ಲಾಕ್‌ನಟ್ ಮೇಲೆ, ಒಂದು ಕ್ವಿಲ್‌ನ ನೆತ್ತಿಯಲ್ಲಿ, ಒಂದು ಮುಂಚಾಚಿನ ತುದಿಯಲ್ಲಿ, ಒಂದು ಕ್ಲ್ಯಾಂಪಿಗೆ ಅಂಟಿದಂತೆ ಹ್ಯಾಂಡಲ್ ಮೇಲೆ. ಪ್ರತಿ ಸ್ಕೇಲಿನ 210 ಮಿ.ಮೀ. ಗೆರೆ ಎಷ್ಟು ಇಳಿಯಿತೆಂದು ಓದಿದರೆ ಹುಡ್‌ನಲ್ಲಿ ಕಾಣುವ ಇಳಿತದಲ್ಲಿ ಆ ಭಾಗದವರೆಗಿನ ಪಾಲು ನೇರವಾಗಿ ಸಿಗುತ್ತದೆ. ಒಂದರಿಂದ ಹಿಂದಿನದನ್ನು ಕಳೆದರೆ ಆಯಾ ತುಂಡಿನದು.

ಹುಡ್‌ನಲ್ಲಿ ಒಟ್ಟು ಇಳಿತ 9.3 ಮಿ.ಮೀ. ಬಂತು. ಆದರೆ ಪ್ರಕರಣಕ್ಕೆ ತಿರುವು ಕೊಟ್ಟಿದ್ದು ಆ ಸಂಖ್ಯೆಯಲ್ಲ. 20 ಕಿಲೊ ತೆಗೆದ ಮೇಲೆ ಗೇಜಿನ ಮುಳ್ಳು ಸೊನ್ನೆಗೆ ಮರಳಲಿಲ್ಲ, 1.8ರಲ್ಲಿ ನಿಂತಿತು. ಮತ್ತೆ ಹೇರಿ ಇಳಿಸಿದಾಗ ಇನ್ನೂ ಸ್ವಲ್ಪ ದೂರ ನಿಂತಿತು.

“ಬಗ್ಗಿದ್ದು ತಿರುಗಿ ಬರತೈತ್ರಿ. ಜಾರಿದ್ದು ಬರಂಗಿಲ್ಲ.”

ಇಡೀ ಪ್ರಕರಣದ ಬೀಗದಕೈ ಈ ಮಾತು. ಲೋಹ ತನ್ನ ಮಿತಿಯೊಳಗೆ ಬಾಗಿದರೆ ಭಾರ ಇಳಿದ ಕೂಡಲೇ ಇದ್ದಲ್ಲಿಗೆ ಬರುತ್ತದೆ. ಬಾರದೆ ಉಳಿದದ್ದು ಯಾವುದೋ ಕೀಲಿನ ಜಾರುವಿಕೆ. ಸವಾರನ ಕೈಗೆ ಎರಡೂ ಒಂದೇ ರೀತಿ ತಾಗುತ್ತವೆ, ಚಿಕಿತ್ಸೆ ಮಾತ್ರ ಬೇರೆ ಬೇರೆ.

ಜಾರುತ್ತಿದ್ದದ್ದು ಎಲ್ಲಿ

ಮೂರು ಕೀಲುಗಳು ಅನುಮಾನದಲ್ಲಿದ್ದವು. ಹೆಡ್‌ಸೆಟ್ (ಸ್ಟೀರರ್ ತಿರುಗುವ ಬೇರಿಂಗು) ಸಡಿಲವೇ ಎಂದು ನೋಡಲು ಚಕ್ರ ಹಾಕಿ, ಮುಂದಿನ ಬ್ರೇಕ್ ಹಿಡಿದು, ಸೈಕಲ್ಲನ್ನು ಹಿಂದೆ ಮುಂದೆ ನೂಕಿ, ಕೆಳಗಿನ ಕಪ್ಪಿನ ಸಂದಿಗೆ ಬೆರಳಿಟ್ಟರು. ಟಕ್ ಎನ್ನಲಿಲ್ಲ. ಕ್ವಿಲ್ ಕೊಳವೆಯೊಳಗೆ ತಿರುಗುತ್ತಿದೆಯೇ ಎಂದು ತಿಳಿಯಲು ಲಾಕ್‌ನಟ್ ಮತ್ತು ಕ್ವಿಲ್ ಎರಡನ್ನೂ ದಾಟುವಂತೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರು. ಗೆರೆ ಮುರಿಯಲಿಲ್ಲ. ಹ್ಯಾಂಡಲ್ ಮತ್ತು ಕ್ಲ್ಯಾಂಪ್ ನಡುವೆ ಎಳೆದ ಗೆರೆ ಮಾತ್ರ ಮೂರನೆಯ ಹೇರಿಕೆಗೇ ಕದಲಿತು.

ಹ್ಯಾಂಡಲ್ ಕಳಚಿದಾಗ ಕ್ಲ್ಯಾಂಪಿನೊಳಗೆ ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತಗಡು ಸಿಕ್ಕಿತು. ಅದೂ ಅರ್ಧ ಸುತ್ತು ಮಾತ್ರ, ಅಂಚುಗಳು ಸವೆದು ಕಪ್ಪಾಗಿದ್ದವು. ವರ್ನಿಯರ್ ಹಾಕಿದರೆ ಹ್ಯಾಂಡಲ್ 26.0. ಸ್ಟೆಮ್ಮಿನ ಕಣ್ಣು, ಅಂದರೆ ಕ್ಲ್ಯಾಂಪಿನ ತೂತು, 26.4. ಹಳೆಯ ರೋಡ್ ಸೈಕಲ್‌ಗಳಲ್ಲಿ ಇದು ಸದಾ ಕಾಡುವ ಗೋಜಲು. ಇಟಲಿಯ ಚಿನೆಲ್ಲಿ ಕಂಪನಿಯ ಹಳೆಯ ಹ್ಯಾಂಡಲ್‌ಗಳು 26.4, ಉಳಿದ ಹೆಚ್ಚಿನ ರೋಡ್ ಹ್ಯಾಂಡಲ್‌ಗಳು 26.0, ಬೇರೆ ಕೆಲವು 25.4. ಹಿಂದಿನ ಯಾರೋ ಹ್ಯಾಂಡಲ್ ಬದಲಿಸುವಾಗ ಕಣ್ಣಳತೆಯಲ್ಲಿ ಕೂತಿತೆಂದು ಬಿಗಿದಿದ್ದರು. ವ್ಯಾಸದಲ್ಲಿ 0.4 ಮಿ.ಮೀ. ಅಂತರವಿದ್ದರೆ ಬೋಲ್ಟ್ ಎಷ್ಟೇ ಬಿಗಿದರೂ ಕ್ಲ್ಯಾಂಪ್ ಹ್ಯಾಂಡಲನ್ನು ಸುತ್ತಲೂ ಅಪ್ಪುವುದಿಲ್ಲ, ಎರಡು ಗೆರೆಗಳಲ್ಲಿ ಮಾತ್ರ ಕಚ್ಚುತ್ತದೆ. ಕಿರ್ ಎನ್ನುವ ಸದ್ದು ಅಲ್ಲಿಯದು. ಇನ್ನೂ ಜೋರಾಗಿ ಬಿಗಿದರೆ ಕ್ಲ್ಯಾಂಪಿನ ಕಿವಿ (ಬೋಲ್ಟ್ ಹಾಯುವ ಚಾಚು) ಬಾಗಿ ಕೊನೆಗೆ ಬಿರುಕು ಬಿಡುತ್ತದೆ.

ಪರೀಕ್ಷೆಗೆಂದು ಭೋಸರಿಯ ಲೇತ್ ಕೆಲಸದವರಿಂದ 0.2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯ ತುಂಡು ತರಿಸಿದರು. 26.0ರ ಸುತ್ತಳತೆ ಸುಮಾರು 81.7. ಪಟ್ಟಿಯನ್ನು 80 ಮಿ.ಮೀ. ಉದ್ದಕ್ಕೆ, ಕ್ಲ್ಯಾಂಪಿನ ಅಗಲಕ್ಕೆ ಸರಿಯಾಗಿ ಕತ್ತರಿಸಿ, ಬಾಯಿ ಕ್ಲ್ಯಾಂಪಿನ ಸೀಳಿಗೇ ಬರುವಂತೆ ಸುತ್ತಿದರು. ಹಿತ್ತಾಳೆಯ ಶಿಮ್ (ಸಂದಿ ತುಂಬುವ ತೆಳು ಪಟ್ಟಿ) ಇನ್ನೂ ಸುಲಭಕ್ಕೆ ಸಿಗುತ್ತಿತ್ತು. ಆದರೆ ಬೆವರು ಮತ್ತು ಮಳೆ ಸೇರಿದರೆ ಹಿತ್ತಾಳೆ ಪಕ್ಕದ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಅದಕ್ಕೇ ಬೇಡವೆಂದರು. ಮೇಲ್ಮೈಗಳನ್ನು ಸ್ಪಿರಿಟಿನಿಂದ ಒರೆಸಿ ಒಣಗಿಸಿ ಬಿಗಿದರು.

ಮತ್ತೆ 20 ಕಿಲೊ ಹೇರಿದಾಗ ಇಳಿತ 7.5, ಭಾರ ತೆಗೆದ ಮೇಲೆ ಸೊನ್ನೆ. ಸದ್ದು ಹೋಗಿತ್ತು. ಸವಾರರು ಬೋಪದೇವ್ ಹತ್ತಿಳಿದು ಬಂದು, ದೂರಿನಲ್ಲಿ ಮುಕ್ಕಾಲು ಪಾಲು ಹೋಯಿತೆಂದರು. ಹತ್ತಿಪ್ಪತ್ತು ರೂಪಾಯಿಯ ತಗಡು.

ಉಳಿದ 7.5 ಮಿ.ಮೀ.ಯ ಹಂಚಿಕೆ ಕೂಡ ಕಣ್ಣು ತೆರೆಸುವಂತಿತ್ತು. ಹ್ಯಾಂಡಲ್ಲಿನದೇ 3.8. ಮುಂಚಾಚಿನ ತಿರುಚು 1.9, ಬರಿದಾಗಿ ನಿಂತ ಕ್ವಿಲ್‌ನ ಅಡ್ಡಬಾಗು 0.9, ಸ್ಟೀರರ್ ಮತ್ತು ಫೋರ್ಕ್ ಸೇರಿ 0.9. ಸ್ಟೆಮ್ ಒಂದನ್ನೇ ಬದಲಿಸಿ ಹಳೆಯ ಹ್ಯಾಂಡಲ್ ಉಳಿಸಿದ್ದರೆ ಅರ್ಧದಷ್ಟು ಬಾಗುವಿಕೆ ಮುಟ್ಟದೆಯೇ ಉಳಿಯುತ್ತಿತ್ತು. ಕ್ವಿಲ್‌ನ 0.9 ಚಿಕ್ಕದೆನಿಸಿದರೂ ಹೊರಗೆ ನಿಂತ ಉದ್ದಕ್ಕೆ ಅದು ಸರಿಯಾಗಿ ಬೆಳೆಯುತ್ತದೆ. ಎತ್ತರ ಬೇಕೆಂದು ಕ್ವಿಲ್ ಎಳೆದು ನಿಲ್ಲಿಸಿದವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿಗೆ ನಿಲ್ಲಿಸಬಹುದಿತ್ತೇ

ನಿಲ್ಲಿಸುವ ಯೋಚನೆಯೇ ಇತ್ತು. ಹೊರಡುವ ಮುನ್ನ ಹೆಡ್‌ಸೆಟ್ ಬಿಚ್ಚಿ ಗ್ರೀಸ್ ಹಾಕೋಣ ಎಂದು ಕ್ವಿಲ್ ತೆಗೆಯಲು ಹೋದಾಗ ಅದು ಕದಲಲಿಲ್ಲ.

ಅಲ್ಯೂಮಿನಿಯಂ ಕ್ವಿಲ್, ಉಕ್ಕಿನ ಕೊಳವೆ, ಮೇಲಿನಿಂದ ಹನಿಯುವ ಬೆವರು, ಪುಣೆಯ ನಾಲ್ಕು ತಿಂಗಳ ಮಳೆ: ಇಷ್ಟಿದ್ದರೆ ಬ್ಯಾಟರಿಯಂತೆ ಕೆಲಸ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಸಂದಿ ತುಂಬಿ ಕಚ್ಚಿಕೊಳ್ಳುತ್ತದೆ. ತೆಗೆಯುವ ಕ್ರಮದಲ್ಲಿ ಆತುರ ಮಾಡಿದವರು ಫೋರ್ಕ್ ಹಾಳುಮಾಡಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ, ಆದ್ದರಿಂದ ವಿವರವಾಗಿ.

ಮೇಲಿನ ಬೋಲ್ಟನ್ನು 6 ಮಿ.ಮೀ. ಅಲೆನ್ ಕೀಯಿಂದ ನಾಲ್ಕೈದು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚದೆ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು ಕೊಟ್ಟರು. ಕೆಳಗಿನ ಕೋನ್ ಸಡಿಲಾಗಿ ಬಿತ್ತು. ಬೋಲ್ಟ್ ಪೂರ್ತಿ ಬಿಚ್ಚಿಬಿಟ್ಟರೆ ಈ ಪೆಟ್ಟಿಗೆ ದಾರಿಯೇ ಇರುವುದಿಲ್ಲ. ಕ್ವಿಲ್ ಇನ್ನೂ ಅಂಟಿಕೊಂಡೇ ಇತ್ತು. ಸೈಕಲ್ ತಲೆಕೆಳಗೆ ಮಾಡಿ, ಫೋರ್ಕಿನ ಕಿರೀಟದ (ಎರಡು ಕಾಲುಗಳು ಕೂಡುವ ಜಾಗ) ಅಡಿಯ ತೂತಿನಿಂದ ತುಕ್ಕು ಸಡಿಲಿಸುವ ಎಣ್ಣೆ ಹನಿಸಿದರು. ಆಮೇಲೆ ನೆಟ್ಟಗೆ ನಿಲ್ಲಿಸಿ ಲಾಕ್‌ನಟ್ ಅಂಚಿನಿಂದಲೂ ಹನಿಸಿದರು. ಎರಡು ರಾತ್ರಿ ಕಾದರು.

ಸವಾರರು ಬ್ಲೋಲ್ಯಾಂಪ್ ಕೇಳಿದರು. ಅದು ತಿರುಗುಮುರುಗು ಉಪಾಯ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಳಗೆ ಇರುವುದು ಅಲ್ಯೂಮಿನಿಯಂ, ಆದ್ದರಿಂದ ಕಾಯಿಸಿದಷ್ಟೂ ಇನ್ನೂ ಬಿಗಿಯುತ್ತದೆ, ಮೇಲಾಗಿ ಫ್ರೇಮಿನ ಬಣ್ಣವೂ ಸುಡುತ್ತದೆ. ಬೇಕಾದ್ದು ತಂಪು. ಪಕ್ಕದ ರಸವಂತಿಯಿಂದ (ಕಬ್ಬಿನ ಹಾಲಿನ ಅಂಗಡಿ) ಮಂಜುಗಡ್ಡೆ ತಂದು ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ ಕ್ವಿಲ್‌ಗೆ ಸುತ್ತಿ ಅರ್ಧ ಗಂಟೆ ಬಿಟ್ಟರು. 32 ಡಿಗ್ರಿಯಿಂದ ಸೊನ್ನೆಯ ಹತ್ತಿರಕ್ಕೆ ಇಳಿದರೆ 22.2 ಮಿ.ಮೀ. ವ್ಯಾಸದಲ್ಲಿ ಎರಡು ಲೋಹಗಳ ಕುಗ್ಗುವಿಕೆಯ ವ್ಯತ್ಯಾಸ ಸುಮಾರು 0.008 ಮಿ.ಮೀ. ಅಷ್ಟೇ. ಆದರೆ ಪುಡಿಗಟ್ಟಿದ ಅಂಟನ್ನು ಬಿಡಿಸಲು ಅಷ್ಟೇ ಸಾಕಾಗುತ್ತದೆ, ಎಣ್ಣೆಗೂ ಇಳಿಯಲು ದಾರಿ ಸಿಗುತ್ತದೆ. ತಿರುಗಿಸುವಾಗ ಚಕ್ರವನ್ನು ಕಾಲುಗಳ ನಡುವೆ ಹಿಡಿದರೆ ಫೋರ್ಕಿನ ಕಾಲುಗಳೇ ಸೊಟ್ಟಗಾಗುತ್ತವೆ. ಅದಕ್ಕೆ ಫೋರ್ಕಿನ ಕಿರೀಟವನ್ನೇ ಮರದ ಎರಡು ಹಲಗೆಗಳ ನಡುವೆ ವೈಸಿನಲ್ಲಿ ಹಿಡಿದು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಸಣ್ಣ ಸಣ್ಣದಾಗಿ ತಿರುಚಿದರು. ಕಾಸ್ಟಿಕ್ ಸೋಡಾ ಹಾಕಿ ಕ್ವಿಲ್ ಕರಗಿಸುವುದು ಕಟ್ಟಕಡೆಯ ದಾರಿ, ಇಲ್ಲಿ ಅದು ಬೇಕಾಗಲಿಲ್ಲ.

ಹೊರಬಂದ ಕ್ವಿಲ್ ಒರೆಸಿ ಬೆಳಕಿಗೆ ಹಿಡಿದಾಗ ಕೋನ್ ಏರುವ ಸೀಳಿನ ಬುಡದಿಂದ ಮೇಲಕ್ಕೆ 6 ಮಿ.ಮೀ.ನ ಬಿರುಕು ಕಂಡಿತು. ಕೂದಲೆಳೆಯಷ್ಟು. ಬಣ್ಣದ ಮಾರ್ಕರ್ ಬಳಿದು ಸ್ಪಿರಿಟಿನಿಂದ ಒರೆಸಿದಾಗ ಗೆರೆ ಮಾತ್ರ ಬಣ್ಣ ಹಿಡಿದು ಉಳಿಯಿತು, ಅನುಮಾನಕ್ಕೆ ಎಡೆಯಿರಲಿಲ್ಲ. ಉಕ್ಕಿಗೆ ಒಂದು ಮಿತಿಯ ಕೆಳಗಿನ ಹೇರಿಕೆ ಎಷ್ಟು ಸಲವಾದರೂ ದಣಿವಾಗುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಪ್ರತಿ ಎಳೆತವೂ ಲೆಕ್ಕಕ್ಕೆ ಸೇರುತ್ತದೆ. ನಲವತ್ತು ವರ್ಷದ, ಪೂರ್ವಾಪರ ಗೊತ್ತಿಲ್ಲದ ಸ್ಟೆಮ್ಮನ್ನು ಸೀಳಿನ ಬುಡ, ಮುಂಚಾಚು ಕ್ವಿಲ್‌ಗೆ ಸೇರುವ ಮೂಲೆ, ಕ್ಲ್ಯಾಂಪಿನ ಕಿವಿ ಈ ಮೂರು ಕಡೆ ನೋಡದೆ ಮತ್ತೆ ಹಾಕಬಾರದು.

“ಹಂಗಾರ ಹೊಸಾದು ಹಾಕಬೇಕಲ್ಲ ಕಾಕಾ?”

“ಈಗ ಹಾಕಬೇಕ್ರಿ. ನಿನ್ನೆ ನೀವ್ ಕೇಳಿದ್ದು ಚಂದಕ್ಕ, ಇವತ್ತಿಂದು ಜೀವಕ್ಕ.”

ಯಾವ ದಾರಿ

ಫೋರ್ಕನ್ನೇ ಬದಲಿಸಿ ಥ್ರೆಡ್ ಇಲ್ಲದ ಹೆಡ್‌ಸೆಟ್ ಹಾಕುವುದು ಎಲ್ಲಕ್ಕಿಂತ ಗಟ್ಟಿ. ಆದರೆ ಕ್ರೋಮ್ ಮಾಡಿದ ಮೂಲ ಫೋರ್ಕನ್ನು ತೆಗೆದಿಟ್ಟರೆ ಸೈಕಲ್ಲೇ ಬೇರೆಯಾಗುತ್ತದೆ. ಸವಾರರು ಒಪ್ಪಲಿಲ್ಲ, ಅದು ಸರಿಯೂ ಹೌದು. 26.0 ಕಣ್ಣಿನ ಹೊಸ ಕ್ವಿಲ್ ಸ್ಟೆಮ್ ಹಾಕಿದರೆ ನೋಟ ಉಳಿಯುತ್ತದೆ, ಬಾಗುವಿಕೆ ಹೆಚ್ಚೇನೂ ಇಳಿಯುವುದಿಲ್ಲ. 86 ಕಿಲೊದ, ಎದ್ದು ತುಳಿಯುವ ಸವಾರನಿಗೆ ಅಡಾಪ್ಟರ್ ದಾರಿಯೇ ತಕ್ಕದ್ದೆಂದು ತೀರ್ಮಾನವಾಯಿತು. 65 ಕಿಲೊದವರಾಗಿದ್ದರೆ ಈ ಬರಹದ ತೀರ್ಪು 26.0ರ ಕ್ವಿಲ್ ಸ್ಟೆಮ್ ಕಡೆಗೇ ಇರುತ್ತಿತ್ತು.

ಮೊದಲ ಅಡಾಪ್ಟರ್ ತಿರಸ್ಕಾರವಾಯಿತು, ಕಾರಣ ಹೊರನೋಟಕ್ಕೆ ಕಾಣದಂಥದು. ಹೆಡ್‌ಸೆಟ್ ಬಿಚ್ಚಿದ್ದರಿಂದ ಸ್ಟೀರರ್ ಕೈಯಲ್ಲಿತ್ತು. ಥ್ರೆಡ್ (ಪುಣೆಯ ಅಂಗಡಿಗಳಲ್ಲಿ ಆಟೆ) ಕೊಳವೆಯ ತುದಿಯಿಂದ 54 ಮಿ.ಮೀ. ಕೆಳಗಿನವರೆಗೂ ಕೊರೆದಿತ್ತು. ಥ್ರೆಡ್ ಹೊರಮೈಯಲ್ಲಿರುವುದರಿಂದ ಒಳಗೆ ಕಡ್ಡಿ ಹಾಕಿ ಇದನ್ನು ತಿಳಿಯಲಾಗದು, ಫೋರ್ಕ್ ಕೆಳಗಿಳಿಸಿಯೇ ಅಳೆಯಬೇಕು. ಅಡಾಪ್ಟರ್‌ನ ಸಣ್ಣ ಭಾಗ ಲಾಕ್‌ನಟ್ ಕೆಳಗೆ ಇಳಿಯುತ್ತಿದ್ದದ್ದು 62 ಮಿ.ಮೀ., ಬೆಣೆಯ ಓರೆ ಅದರಲ್ಲಿ ಕೊನೆಯ 22. ಲಾಕ್‌ನಟ್ ಕೊಳವೆಯ ತುದಿಗಿಂತ 4 ಮಿ.ಮೀ. ಮೇಲಿದ್ದುದನ್ನು ಕಳೆದರೆ ಬೆಣೆ ಒತ್ತುವ ಜಾಗ ತುದಿಯಿಂದ 36ರಿಂದ 58. ಬಹುಪಾಲು ಥ್ರೆಡ್ ಇರುವಲ್ಲೇ. ಅಲ್ಲಿ ಕೊಳವೆಯ ಗೋಡೆ ಕೊರೆತದಿಂದ ತೆಳುವಾಗಿರುತ್ತದೆ, ಪ್ರತಿ ಥ್ರೆಡ್‌ನ ಬುಡವೂ ಬಿರುಕಿಗೆ ಸಿದ್ಧವಾದ ಗೀರು. ಒಳಗಿನಿಂದ ಬೆಣೆ ಒತ್ತಿದರೆ ಕೊಳವೆ ಉಬ್ಬಿ ಹೆಡ್‌ಸೆಟ್ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು, ಸವಾರಿಯ ಬಾಗುವಿಕೆಯೆಲ್ಲ ಆ ಥ್ರೆಡ್‌ಗಳ ಮೇಲೆ ಬಿದ್ದು ಕೊಳವೆ ಅಲ್ಲೇ ತುಂಡಾಗಬಹುದು. ಕನಿಷ್ಠ ಆಳದ ಗುರುತು ಇಳಿದಿದೆಯೇ ಎಂದು ನೋಡಿ ಸುಮ್ಮನಾಗುವವರು ಹೆಚ್ಚು. ಕ್ವಿಲ್ ವ್ಯಾಸದ ಎರಡೂವರೆ ಪಟ್ಟು, ಅಂದರೆ ಸುಮಾರು 55 ಮಿ.ಮೀ. ಇಳಿಯಬೇಕೆಂಬ ನಿಯಮವನ್ನು ಈ ಅಡಾಪ್ಟರ್ ಪಾಲಿಸುತ್ತಲೇ ಇತ್ತು. ಆದರೂ ಈ ಕೊಳವೆಗೆ ಅದು ಅಪಾಯ.

ಎರಡನೆಯದು 92 ಮಿ.ಮೀ. ಇಳಿಯುವಂಥದು, ಓರೆ ಕೊನೆಯ 24. ಬೆಣೆ ಒತ್ತುವ ಜಾಗ ತುದಿಯಿಂದ 64ರಿಂದ 88, ಥ್ರೆಡ್ ಮುಗಿದು 10 ಮಿ.ಮೀ. ಕೆಳಗೆ. ಇನ್ನೊಂದು ದಿಕ್ಕಿನ ಎಚ್ಚರವೂ ಬೇಕು. ಸ್ಟೀರರ್ ಕೊಳವೆ ಕಿರೀಟದ ಹತ್ತಿರ ಒಳಗೆ ದಪ್ಪಗಾಗಿರುತ್ತದೆ, ತೀರ ಉದ್ದದ ಕ್ವಿಲ್ ಅಲ್ಲಿ ಸಿಕ್ಕಿಬೀಳುತ್ತದೆ. ಬಿಗಿಯದೆ ಒಣದಾಗಿ ಇಳಿಸಿದಾಗ ಬೆರಳ ಒತ್ತಡಕ್ಕೇ ಕೊನೆಯವರೆಗೆ ಜಾರಿದರೆ ಸರಿ. ಇದು ಜಾರಿತು.

ಆಮೇಲೆ ಕೂರುವ ಭಂಗಿಯ ಲೆಕ್ಕ. ಹೆಡ್ ಟ್ಯೂಬ್ 73 ಡಿಗ್ರಿ ಓರೆ. ಹಳೆಯ ಸ್ಟೆಮ್ಮಿನ ಮುಂಚಾಚು ನೆಲಕ್ಕೆ ಸಮನಾಗಿತ್ತು. ಈಗಿನ ಸ್ಟೆಮ್ ಹಾಗೆ ಕಾಣಬೇಕಾದರೆ ಮೈನಸ್ 17 ಡಿಗ್ರಿಯದು (ಸ್ಟೀರರ್‌ಗೆ ಲಂಬವಾದ ಗೆರೆಯಿಂದ ಅಷ್ಟು ಕೆಳಕ್ಕೆ ಓರೆಯಾದದ್ದು) ಬೇಕು. ಆದರೆ ಎತ್ತರವನ್ನು ಉದ್ದ ಕ್ವಿಲ್‌ನಿಂದ ಪಡೆಯುವ ಬದಲು ಸ್ಟೆಮ್ಮಿನ ಓರೆಯಿಂದ ಪಡೆದರೆ ಬಾಗುವಿಕೆ ಕಡಿಮೆ. ಅದಕ್ಕೆ ಮೈನಸ್ 6 ಡಿಗ್ರಿಯ 120 ಮಿ.ಮೀ. ಸ್ಟೆಮ್ ಆರಿಸಿದರು. ಅದು ಮುಂದಕ್ಕೆ 118, ಮೇಲಕ್ಕೆ 23 ಮಿ.ಮೀ. ಕೊಡುತ್ತದೆ. ಅಡಾಪ್ಟರ್‌ನ 28.6ರ ದಪ್ಪ ಭಾಗವನ್ನು ನೇರ ಲಾಕ್‌ನಟ್ ಮೇಲೆ ಕೂರಿಸಿ, ಸಣ್ಣ ಭಾಗ ಹೊರಗೆ ಕಾಣದಂತೆ ಮಾಡಿದರು. ಸ್ಟೆಮ್ಮಿನ ನಡು ಲಾಕ್‌ನಟ್‌ನಿಂದ 50 ಮಿ.ಮೀ. ಮೇಲೆ. ಹ್ಯಾಂಡಲ್ ಹಿಂದಿಗಿಂತ 5 ಮಿ.ಮೀ. ತಗ್ಗಿತು. ಹೊಸ 31.8ರ ಹ್ಯಾಂಡಲ್ ಮುಂದಕ್ಕೆ ಚಾಚುವುದು 85, ಹಳೆಯದು 95. ಒಟ್ಟು ಹುಡ್ ಸುಮಾರು 14 ಮಿ.ಮೀ. ಹತ್ತಿರ ಬಂತು, ಸವಾರರಿಗೆ ಅದು ಹಿತವೇ ಆಯಿತು. 110ರ ಸ್ಟೆಮ್ ಇನ್ನೂ ಗಟ್ಟಿಯಾಗುತ್ತಿತ್ತು. ಆದರೆ ಗಟ್ಟಿತನಕ್ಕಾಗಿ ಭಂಗಿ ಕೆಡಿಸಬಾರದು.

ಜೋಡಣೆ

ಹೆಡ್‌ಸೆಟ್ಟಿಗೆ 5/32 ಇಂಚಿನ ಹೊಸ ಗುಂಡುಗಳು, ಹೊಸ ಗ್ರೀಸ್. 32 ಮಿ.ಮೀ. ಪಾನಾದಿಂದ ಲಾಕ್‌ನಟ್ ಬಿಗಿ. ಒಂದು ಮಾತು: ಬೆಣೆ ಬಿಗಿದ ಮೇಲೆ ಹೆಡ್‌ಸೆಟ್ಟಿನ ಸಡಿಲ ಮತ್ತೊಮ್ಮೆ ನೋಡಬೇಕು, ಕೆಲವೊಮ್ಮೆ ಚೂರು ಬದಲಾಗಿರುತ್ತದೆ.

ಅಡಾಪ್ಟರ್‌ನ ಒಳಗೆ ಇಳಿಯುವ ಭಾಗ, ಬೆಣೆಯ ಓರೆ, ಬೋಲ್ಟಿನ ಥ್ರೆಡ್ ಮತ್ತು ಅದರ ತಲೆಯ ಅಡಿಗೆ ಧಾರಾಳ ಗ್ರೀಸ್. ಮುಂದಿನ ಮಳೆಗಾಲಕ್ಕೆ ಮತ್ತೆ ಕಚ್ಚಿಕೊಳ್ಳದಿರಲು ಇದೇ ಔಷಧ. ಆದರೆ 28.6ರ ಭಾಗ ಮತ್ತು ಹ್ಯಾಂಡಲ್ ಕ್ಲ್ಯಾಂಪ್ ಎರಡೂ ಒಣಗಿರಬೇಕು. ಬೆಣೆಯ ಬೋಲ್ಟ್ 18 ನ್ಯೂಟನ್ ಮೀಟರ್. ಸ್ಟೆಮ್ಮಿನ ಹಿಂದಿನ ಎರಡು ಬೋಲ್ಟ್ 5, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ. ಮುಂದಿನ ಮುಚ್ಚಳದ ನಾಲ್ಕು ಬೋಲ್ಟ್‌ಗಳು ಕರ್ಣದ ಕ್ರಮದಲ್ಲಿ 5, ಮೇಲಿನ ಮತ್ತು ಕೆಳಗಿನ ಸಂದಿ ಸಮನಾಗಿರುವಂತೆ.

ಕೇಬಲ್‌ಗಳನ್ನು ಹೊಸದಾಗಿ ಹಾಕಬೇಕಾಯಿತು, ಹಳೆಯವು ಹ್ಯಾಂಡಲ್ ತಿರುಗಿಸಿದಾಗ ಎಳೆದು ಬಿಗಿಯುತ್ತಿದ್ದವು.

ಫಲ

ಅದೇ ಮೇಜು, ಅದೇ 20 ಕಿಲೊ. ಹುಡ್‌ನಲ್ಲಿ ಇಳಿತ 4.8. ಭಾರ ತೆಗೆದರೆ ಸೊನ್ನೆ. ಹ್ಯಾಂಡಲ್ಲಿನ ಪಾಲು 3.8ರಿಂದ 2.9ಕ್ಕೆ, ಮುಂಚಾಚಿನದು 1.9ರಿಂದ 0.8ಕ್ಕೆ, ಕ್ವಿಲ್‌ನದು 0.9ರಿಂದ 0.2ಕ್ಕೆ ಇಳಿದಿತ್ತು. ಸ್ಟೀರರ್ ಮತ್ತು ಫೋರ್ಕಿನ 0.9 ಹಾಗೆಯೇ. ಹ್ಯಾಂಡಲ್ಲಿನ ಲಾಭ ನಿರೀಕ್ಷೆಗಿಂತ ಕಡಿಮೆ, ಏಕೆಂದರೆ 31.8 ಇರುವುದು ನಡುವಿನಲ್ಲಿ ಮಾತ್ರ. ಲಿವರ್ ಕೂರುವಲ್ಲಿ ಅದೂ ಹಳೆಯದರಂತೆ 23.8ಕ್ಕೆ ಇಳಿಯುತ್ತದೆ.

ಸುಮಾರು 300 ಕಿ.ಮೀ. ಆದಮೇಲೆ ಸವಾರರು ಮತ್ತೆ ಸದ್ದಿನ ದೂರು ತಂದರು. ಸಿಂಹಗಡ ಹತ್ತುವ ಮುನ್ನಾದಿನ ಮನೆಯಲ್ಲಿ ಸ್ಟೆಮ್ ನೇರ ಮಾಡಲು ಸಡಿಲಿಸಿ, ಒಳ್ಳೆಯದಾಗಲೆಂದು 28.6ರ ಭಾಗಕ್ಕೂ ಗ್ರೀಸ್ ಹಚ್ಚಿ, ಉದ್ದ ಕೀಲಿಯಲ್ಲಿ ಕೈಲಾದಷ್ಟು ಬಿಗಿದಿದ್ದರು. ಗೆರೆ ಎಳೆದು ನೋಡಿದರೆ ಜಾರಿಕೆ ಅಲ್ಲೇ. ಒರೆಸಿ ಒಣಗಿಸಿ 5ಕ್ಕೆ ಬಿಗಿದ ಮೇಲೆ ಸದ್ದಿಲ್ಲ. ಕೀಲುಗಳ ಸಂಖ್ಯೆ ಹೆಚ್ಚುವುದು ಅಡಾಪ್ಟರ್‌ನ ನಿಜವಾದ ಬೆಲೆ. ಹೆಡ್‌ಸೆಟ್ ಬಿಟ್ಟರೆ ಮೊದಲು ಜಾರಬಹುದಾದ ಕೀಲು ಎರಡಿದ್ದವು, ಈಗ ಮೂರು.

ಇನ್ನೊಂದು ಪರಿಣಾಮವನ್ನು ಯಾರೂ ಎಣಿಸಿರಲಿಲ್ಲ. ಓಲಾಟ ಹೋದಂತೆ ರಸ್ತೆಯ ಗುದ್ದು ನೇರ ಅಂಗೈಗೆ ಬರತೊಡಗಿತು. ಇದಕ್ಕೆ ಸ್ಟೆಮ್ಮನ್ನು ಮತ್ತೆ ಸಣಕಲು ಮಾಡುವುದು ಉತ್ತರವಲ್ಲ. ಮುಂದಿನ ಟಯರ್ 23 ಮಿ.ಮೀ. ಅಗಲದ್ದರ ಬದಲು 28ರದ್ದಾಯಿತು. ಹಾಕುವ ಮುನ್ನ ಫೋರ್ಕಿನ ಕಿರೀಟದ ಅಡಿ ಮತ್ತು ಬ್ರೇಕ್ ಕಮಾನಿನ ಅಡಿ ಎರಡೂ ಕಡೆ 3 ಮಿ.ಮೀ.ಗಿಂತ ಹೆಚ್ಚು ಸಂದಿ ಉಳಿಯುತ್ತದೆಯೇ ಎಂದು ನೋಡಿಕೊಂಡರು. ಗಾಳಿ ಸ್ವಲ್ಪ ಕಡಿಮೆ ಹಾಕಿಸಿದರು. ಅಂಗೈ ನೋವು ಹೋಯಿತು.

ಆರು ತಿಂಗಳ ನಂತರ, ಮಳೆ ಹಿಡಿಯುವ ಮುನ್ನ, ಅಡಾಪ್ಟರ್ ಹೊರಗೆಳೆದು ನೋಡಿದರು. ಕೈಯಿಂದಲೇ ಬಂತು, ಬಿಳಿ ಪುಡಿ ಇರಲಿಲ್ಲ. ಕೊಳವೆಯ ಒಳಗೆ ಬೆಣೆ ಕೂತಿದ್ದ ಗುರುತು ತುದಿಯಿಂದ 64ಕ್ಕೇ ಶುರುವಾಗಿತ್ತು. ಹೊಸ ಗ್ರೀಸ್ ಬಳಿದು ಮತ್ತೆ 18ಕ್ಕೆ ಬಿಗಿದರು. ಬಿರುಕು ಬಿಟ್ಟ ಹಳೆಯ ಸ್ಟೆಮ್ ಯಾರ ಸೈಕಲ್ಲಿಗೂ ಹೋಗದಂತೆ ಮಿಸ್ತ್ರಿ ಅದನ್ನು ಗರಗಸದಿಂದ ಎರಡು ತುಂಡು ಮಾಡಿ, ಬಿರುಕಿನ ತುಂಡನ್ನು ಗಿರಾಕಿಗಳಿಗೆ ತೋರಿಸಲೆಂದು ಮೇಜಿನ ಮೇಲೆ ಮೊಳೆಗೆ ತೂಗುಹಾಕಿದ್ದಾರೆ.